ಪಿಯಾನೋ ಪಕ್ಕದ ಕುರ್ಚಿ

ಪಿಯಾನೋ ನುಡಿಸುವವರ ಎಡಗಡೆ, ಸ್ವಲ್ಪ ಹಿಂದಕ್ಕೆ, ಒಂದು ಸಾದಾ ಕುರ್ಚಿ ಹಾಕಿರುತ್ತಾರೆ. ಅದರಲ್ಲಿ ಕೂರುವವರ ಹೆಸರು ಕಾರ್ಯಕ್ರಮದ ಹಾಳೆಯಲ್ಲಿ ಇರುವುದಿಲ್ಲ. ಚಪ್ಪಾಳೆ ಬಿದ್ದಾಗ ಅವರು ಏಳುವುದಿಲ್ಲ, ತಲೆ ಬಾಗಿಸುವುದಿಲ್ಲ. ಪುಟ ಮುಗಿಯುವ ಹೊತ್ತಿಗೆ ಸದ್ದಿಲ್ಲದೆ ಎದ್ದು, ಹಾಳೆ ತಿರುವಿ, ಮತ್ತೆ ಕೂರುತ್ತಾರೆ. ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ, ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ಚರ್ಚಿನಲ್ಲಿ ನಡೆದ ಮಧ್ಯಾಹ್ನದ ಕಚೇರಿಯೊಂದಕ್ಕೆ ಆ ಕುರ್ಚಿಯಲ್ಲಿ ಕೂತಿದ್ದವಳು ನಾನು. ಒಬ್ಬ ಗಾಯಕಿ, ಒಬ್ಬ ಪಿಯಾನೋ ವಾದಕ, ಒಟ್ಟು ಐವತ್ತು ನಿಮಿಷದ ಹಾಡುಗಾರಿಕೆ.

ಇಲ್ಲಿನ ಎಷ್ಟೋ ಚರ್ಚುಗಳಲ್ಲಿ ಇಂಥ ಕಚೇರಿಗಳು ತಪ್ಪದೆ ನಡೆಯುತ್ತವೆ. ಟಿಕೆಟ್ ಇಲ್ಲ. ಆಫೀಸಿನವರು ಊಟದ ಬಿಡುವಿನಲ್ಲಿ ಎದ್ದು ಬರಲಿ ಎಂದು ಒಂದು ಗಂಟೆಗೋ ಒಂದು ಹತ್ತಕ್ಕೋ ಶುರುಮಾಡಿ ಎರಡರೊಳಗೆ ಮುಗಿಸಿಬಿಡುತ್ತಾರೆ. ಹೊರಡುವಾಗ ಬಾಗಿಲ ಬಳಿಯ ತಟ್ಟೆಗೆ ಕೈಲಾದಷ್ಟು ಹಾಕಬಹುದು, ಈಗೀಗ ಕಾರ್ಡ್ ತಾಗಿಸುವ ಯಂತ್ರವೂ ಪಕ್ಕದಲ್ಲಿರುತ್ತದೆ. ಈ ಪದ್ಧತಿಗೆ ದೊಡ್ಡ ಹೆಸರು ಬಂದದ್ದು ಯುದ್ಧದ ಕಾಲದಲ್ಲಿ. 1939ರಲ್ಲಿ ಲಂಡನ್ನಿನ ಸಂಗೀತ ಸಭಾಂಗಣಗಳಿಗೆ ಬೀಗ ಬಿದ್ದಿತ್ತು. ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ವೇಲ್ಸ್ ಕಡೆಗೆ ಸಾಗಿಸಿದ್ದರು. ಆ ಖಾಲಿ ಗೋಡೆಗಳ ನಡುವೆ ಪಿಯಾನೋ ಕಲಾವಿದೆ ಮೈರಾ ಹೆಸ್ ಅಕ್ಟೋಬರ್ 10ರಂದು ಮಧ್ಯಾಹ್ನದ ಕಚೇರಿಗಳನ್ನು ಆರಂಭಿಸಿದರು. ಪ್ರವೇಶಕ್ಕೆ ಒಂದು ಶಿಲ್ಲಿಂಗ್. 1946ರ ಏಪ್ರಿಲ್‌ವರೆಗೆ, ಸೋಮವಾರದಿಂದ ಶುಕ್ರವಾರ, ಬಾಂಬು ಬೀಳುತ್ತಿದ್ದ ದಿನಗಳಲ್ಲಿ ನೆಲಮಾಳಿಗೆಯಲ್ಲಿ, ಒಟ್ಟು 1,698 ಕಚೇರಿಗಳು ನಡೆದವು. ಜರ್ಮನಿಯೊಂದಿಗೆ ಯುದ್ಧ ನಡೆಯುತ್ತಿರುವಾಗಲೂ ಜರ್ಮನ್ ನುಡಿಯ ಸಂಗೀತ ರಚನಕಾರರಾದ ಬಾಖ್, ಬೀಥೋವನ್, ಶೂಬರ್ಟ್ ಯಾರನ್ನೂ ಅವರು ಬಿಡಲಿಲ್ಲ. ಇದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ನಮ್ಮ ಚರ್ಚಿನಲ್ಲಿ ಮೊದಲ ಸಾಲಿಗೆ ಬಂದು ಕೂರುವ ವಯಸ್ಸಾದ ಹೆಂಗಸೊಬ್ಬರ ತಾಯಿ ಆಗ ಅಲ್ಲೇ ಹತ್ತಿರದ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರಂತೆ. ಗ್ಯಾಲರಿಯ ಕ್ಯಾಂಟೀನಿನ ಜೇನು ಮತ್ತು ಒಣದ್ರಾಕ್ಷಿ ಹಾಕಿದ ಸ್ಯಾಂಡ್‌ವಿಚ್ ವಿಷಯ ಅವರಮ್ಮ ಕೊನೆಯವರೆಗೂ ಹೇಳುತ್ತಿದ್ದರಂತೆ.

ನಾನು ಮೈಸೂರಿನಲ್ಲಿ ಹುಡುಗಿಯಾಗಿದ್ದಾಗ ಕರ್ನಾಟಕ ಸಂಗೀತ ಕಲಿತವಳು. ಪಿಯಾನೋ ಹತ್ತಿರ ಹೋದದ್ದು ಇಲ್ಲಿಗೆ ಬಂದು, ಮಕ್ಕಳು ಶಾಲೆಗೆ ಹೊರಟ ಮೇಲೆ, ದೊಡ್ಡವರಿಗಾಗಿ ನಡೆಯುವ ಸಂಜೆ ತರಗತಿಯಲ್ಲಿ. ನುಡಿಸುವುದರಲ್ಲಿ ನಾನು ಇನ್ನೂ ಕಲಿಯುವವಳೇ. ಐದು ಗೆರೆಯ ನೊಟೇಷನ್ ಓದುವುದು ಮಾತ್ರ ಬೇಗ ಹಿಡಿಸಿತು. ಅದನ್ನು ಗಮನಿಸಿದ್ದ ನಮ್ಮ ಮೇಷ್ಟ್ರು ಒಂದು ದಿನ ತರಗತಿ ಮುಗಿದ ಮೇಲೆ ಕೇಳಿದರು: “ಮುಂದಿನ ತಿಂಗಳು ಚರ್ಚಿನಲ್ಲಿ ಒಬ್ಬ ಹುಡುಗಿಗೆ ಪಿಯಾನೋ ನುಡಿಸ್ತಾ ಇದ್ದೀನಿ. ಹಾಳೆ ತಿರುವೋಕೆ ಬರ್ತೀರಾ?”

ಈಗ ಬಹಳ ಜನ ಟ್ಯಾಬ್ಲೆಟ್ ಇಟ್ಟುಕೊಂಡು, ಕಾಲಲ್ಲಿ ಪೆಡಲ್ ಒತ್ತಿ ಪುಟ ಬದಲಿಸುತ್ತಾರೆ. ಮೇಷ್ಟ್ರಿಗೆ ಕಾಗದವೇ ಬೇಕು. ಅವರ ಶೂಬರ್ಟ್ ಸಂಪುಟ ಪೀಟರ್ಸ್ ಪ್ರಕಾಶನದ ಹಳೆಯ ತಿಳಿಹಸಿರು ರಟ್ಟಿನದು. ಅಂಚೆಲ್ಲ ಪೆನ್ಸಿಲ್ ಗುರುತು. ಒಂದೊಂದು ಹಾಡಿಗೂ ಹಿಂದೆ ಯಾರು ಯಾರಿಗೆ ನುಡಿಸಿದರೋ ಅವರವರ ಉಸಿರಿನ ಲೆಕ್ಕ ಅದರಲ್ಲಿದೆ. ಸಾಲಿನ ಮೇಲೆ ಪುಟ್ಟ ಅಲ್ಪವಿರಾಮದಂಥ ಗುರುತು ಹಾಕಿದ್ದರೆ ಹಾಡುವವರು ಅಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದರ್ಥ. ಕನ್ನಡಕದ ಚಿತ್ರ ಬರೆದಿದ್ದರೆ, ತಲೆ ಎತ್ತಿ ಹಾಡುವವರನ್ನು ನೋಡಬೇಕು ಎಂದರ್ಥ. ಈ ಸಂಪುಟಗಳು ಮೇಲಿನ ಕಂಠಕ್ಕೆ, ನಡುವಿನದಕ್ಕೆ, ಕೆಳಗಿನದಕ್ಕೆ ಎಂದು ಬೇರೆಬೇರೆಯಾಗಿ ಸಿಗುತ್ತವೆ ಎಂದು ಗೊತ್ತಾದಾಗ ನನಗೆ ಸಂತೋಷವಾಯಿತು. ನಮ್ಮಲ್ಲಿ ಒಬ್ಬರು ಒಂದು ಮನೆ ಶ್ರುತಿಗೆ, ಇನ್ನೊಬ್ಬರು ಐದು ಮನೆಗೆ ಹಾಡುವ ಹಾಗೆ ಇಲ್ಲೂ ಹಾಡೇ ಕಂಠದ ಹತ್ತಿರಕ್ಕೆ ಬರುತ್ತದೆ. ವ್ಯತ್ಯಾಸ ಇಷ್ಟೇ, ಇಲ್ಲಿ ಶ್ರುತಿ ಬದಲಾದರೆ ಪುಸ್ತಕವನ್ನೇ ಬದಲಿಸಬೇಕು.

ಹಾಳೆ ತಿರುವುವುದಕ್ಕೂ ಒಂದು ಪಾಠವಿದೆ. ಪುಟದ ಕೊನೆಯ ಸಾಲು ಬಂದಾಗ ಏಳಬೇಕು, ಅದಕ್ಕಿಂತ ಮೊದಲೇ ಎದ್ದು ನಿಂತರೆ ನುಡಿಸುವವರ ಮೇಲೆ ನೆರಳು ಬೀಳುತ್ತದೆ. ಎಡಗೈಯಿಂದಲೇ ಬಲಪುಟದ ಮೇಲ್ತುದಿಯನ್ನು ಹಿಡಿಯಬೇಕು. ಬಲಗೈ ಚಾಚಿದರೆ ಅವರ ಕಣ್ಣಿಗೆ ಅಡ್ಡ ಬರುತ್ತದೆ. ಒಂದೇ ಹಾಳೆ ಬಂದಿದೆಯೇ ಎಂದು ಬೆರಳಲ್ಲೇ ನೋಡಿಕೊಳ್ಳಬೇಕು. ನುಡಿಸುವವರ ಕಣ್ಣು ಕೈಗಿಂತ ಒಂದು ಬಾರ್‌ನಷ್ಟಾದರೂ (ನಮ್ಮ ತಾಳದ ಒಂದು ಆವರ್ತದ ಹಾಗೆ) ಮುಂದೆ ಇರುತ್ತದೆ, ಆದ್ದರಿಂದ ಪುಟ ಮುಗಿಯುವವರೆಗೆ ಕಾಯುವಂತಿಲ್ಲ. ಅವರ ತಲೆ ಒಂದಿಷ್ಟು ಅಲ್ಲಾಡಿದ ಕ್ಷಣ ತಿರುವಿ, ಮಡಿಕೆಯನ್ನು ಒತ್ತಿ ಕೂರಿಸಿ, ಹಿಂದಕ್ಕೆ ಸರಿಯಬೇಕು. ಸುಗಂಧ ಹಚ್ಚಿಕೊಳ್ಳಬಾರದು, ಅಗಲದ ತೋಳಿನ ಬಟ್ಟೆ ಬೇಡ, ಗುನುಗುವಂತಿಲ್ಲ, ಕಾಲು ಅಲ್ಲಾಡಿಸುವಂತಿಲ್ಲ.

ಕೊನೆಯದು ನನಗೆ ಎಲ್ಲಕ್ಕಿಂತ ಕಷ್ಟದ್ದು. ಸಂಗೀತ ಕಿವಿಗೆ ಬಿದ್ದರೆ ನನ್ನ ಬಲಗೈ ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತದೆ, ಬೆರಳು ಎಣಿಸುತ್ತದೆ. ಹುಡುಗಿಯಾಗಿದ್ದಾಗ ನಮ್ಮ ಟೀಚರ್ ಎದುರು ಆ ಕೈ ನಿಂತರೆ ಬೈಗುಳ ಬೀಳುತ್ತಿತ್ತು. ಇಲ್ಲಿ ಅದನ್ನು ನಿಲ್ಲಿಸಬೇಕಿತ್ತು. ಮೊದಲ ಅಭ್ಯಾಸದಲ್ಲೇ ಅದಕ್ಕೆ ಬರೀ ಶಿಸ್ತಿಗಿಂತ ಆಳದ ಕಾರಣವಿದೆ ಎಂದು ತಿಳಿಯಿತು. ಈ ಹಾಡುಗಳ ಕಾಲ ತಾಳದ ಹಾಗೆ ಸಮನಾಗಿ ನಡೆಯುವುದಿಲ್ಲ. ಗಾಯಕಿ ಒಂದು ಸ್ವರದ ಮೇಲೆ ಕೂದಲೆಳೆಯಷ್ಟು ಹೆಚ್ಚು ನಿಲ್ಲುತ್ತಾಳೆ, ಮುಂದಿನ ಪದಕ್ಕೆ ಸ್ವಲ್ಪ ಬೇಗ ಹೋಗುತ್ತಾಳೆ, ಪಿಯಾನೋ ಅವಳೊಂದಿಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಎಣಿಸುತ್ತಾ ಕೂತರೆ ನನ್ನ ಎಣಿಕೆ ಒಂದು ಕಡೆ, ಹಾಡು ಒಂದು ಕಡೆ.

“ಎಣಿಸಬೇಡಿ. ಅವಳ ಉಸಿರು ಕೇಳಿ” ಎಂದರು ಮೇಷ್ಟ್ರು.

ಎಲ್ಲವೂ ಬರೆದೇ ಇರುವ ಸಂಗೀತ ಇದು, ಇದರಲ್ಲಿ ಮನೋಧರ್ಮಕ್ಕೆ, ಎಂದರೆ ಹಾಡುತ್ತಲೇ ಹೊಸದಾಗಿ ಕಟ್ಟುವುದಕ್ಕೆ, ಜಾಗವೇ ಇಲ್ಲ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆ ಕುರ್ಚಿಯಲ್ಲಿ ಕೂತ ಮೇಲೆ ನಾನು ಈ ಮಾತನ್ನು ಒಪ್ಪುವುದಿಲ್ಲ. ಸ್ವರ ಬರೆದಿದೆ, ಕಾಲ ಬರೆದಿದೆ, ಮೆಲ್ಲಗೆಯೋ ಜೋರಾಗಿಯೋ ಎನ್ನುವುದೂ ಬರೆದಿದೆ. ಉಸಿರನ್ನು ಮಾತ್ರ ಅಚ್ಚಿನಲ್ಲಿ ಯಾರೂ ಬರೆದಿಲ್ಲ. ಅದೇ ಗಾಯಕಿ ಅದೇ ಹಾಡನ್ನು ಎರಡನೆಯ ಸಲ ಹಾಡಿದಾಗ ಬೇರೆ ಕಡೆ ಉಸಿರೆಳೆದಳು, ಮೇಷ್ಟ್ರ ಕೈ ಆ ಹೊಸ ಜಾಗದಲ್ಲಿ ಅವಳಿಗಾಗಿ ತಡೆದು ನಿಂತಿತು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಕಾರ್ಯಕ್ರಮದ ಆರಂಭ ಶೂಬರ್ಟ್‌ನಿಂದ. ಗಯಟೆಯ ಫೌಸ್ಟ್ ನಾಟಕದಲ್ಲಿ ಗ್ರೆಚೆನ್ ಎಂಬ ಹುಡುಗಿ ರಾಟೆಯ ಮುಂದೆ ಕೂತು ತನ್ನ ನೆಮ್ಮದಿ ಹೋಯಿತು, ಎದೆ ಭಾರವಾಗಿದೆ ಎಂದು ಹಾಡಿಕೊಳ್ಳುವ ಜಾಗವಿದೆ. ಅದಕ್ಕೆ ಶೂಬರ್ಟ್ ಸಂಗೀತ ಹಾಕಿದ್ದು 1814ರ ಅಕ್ಟೋಬರ್‌ನಲ್ಲಿ, ಅವನಿಗೆ ಆಗ ಬರೀ 17 ವರ್ಷ. ಪಿಯಾನೋದ ಬಲಗೈ ರಾಟೆಯ ಚಕ್ರ, ಬಿಡುವೇ ಇಲ್ಲದೆ ಸುತ್ತುತ್ತದೆ. ಎಡಗೈ ಅದನ್ನು ತುಳಿಯುವ ಕಾಲು. ಎರಡು ಕೈಗೂ ಪುರುಸೊತ್ತಿಲ್ಲದ ಇಂಥ ಹಾಡಿಗೇ ಪಕ್ಕದಲ್ಲೊಬ್ಬರು ಬೇಕಾಗುವುದು. ಹುಡುಗಿ ತನ್ನ ಪ್ರಿಯನ ನಡಿಗೆ, ನಗು, ಕಣ್ಣು, ಮಾತು ಒಂದೊಂದನ್ನೇ ನೆನೆಯುತ್ತಾ ಹೋಗಿ ಅವನ ಮುತ್ತಿನ ನೆನಪಿಗೆ ಬಂದಾಗ ಚಕ್ರ ನಿಂತುಬಿಡುತ್ತದೆ. ಪಿಯಾನೋ ಸುಮ್ಮನಾಗುತ್ತದೆ. ಆಮೇಲೆ ರಾಟೆ ತಡವರಿಸುತ್ತಾ, ಒಂದಿಷ್ಟು ಸುತ್ತಿ ನಿಂತು, ಮತ್ತೆ ಸುತ್ತಿ, ಕೊನೆಗೆ ತನ್ನ ಹಳೆಯ ಓಟಕ್ಕೆ ಮರಳುತ್ತದೆ. ನಮ್ಮ ಪ್ರತಿಯಲ್ಲಿ ಆ ನಿಲುಗಡೆಗೆ ಸ್ವಲ್ಪ ಮುಂಚೆಯೇ ಪುಟ ಮುಗಿಯುತ್ತಿತ್ತು. ತಿರುವಿ ಕೂತು, ಕಾಗದ ಅಲ್ಲಾಡದ ಹಾಗೆ ಅದರ ಅಂಚಿಗೆ ಒಂದು ಬೆರಳು ಒತ್ತಿ, ನಾನೂ ಉಸಿರು ಹಿಡಿದಿದ್ದೆ.

ಆಮೇಲೆ ಶೂಮನ್ ದಂಪತಿಗಳು. ರಾಬರ್ಟ್ ಶೂಮನ್ 1840ರಲ್ಲಿ, ಕ್ಲಾರಾಳನ್ನು ಮದುವೆಯಾದ ವರ್ಷ, ನೂರಕ್ಕೂ ಹೆಚ್ಚು ಹಾಡು ಬರೆದ. ಆ ಸಾಲಿನಿಂದ ಐಖೆನ್‌ಡಾರ್ಫ್ ಕವಿಯ ಬೆಳದಿಂಗಳ ರಾತ್ರಿಯ ಹಾಡು, ಅದರ ಜೊತೆಗೆ ಕ್ಲಾರಾ 1841ರಲ್ಲಿ ರ‍್ಯೂಕರ್ಟ್ ಕವಿತೆಗೆ ಸಂಗೀತ ಹಾಕಿದ ಪುಟ್ಟ ಹಾಡು. ಗಂಡಹೆಂಡಿರು ಸೇರಿ ತಂದ ಹನ್ನೆರಡು ಹಾಡುಗಳ ಗುಚ್ಛದಲ್ಲಿ ಕ್ಲಾರಾಳವು ಮೂರು. ಬೆಳದಿಂಗಳ ಹಾಡಿನಲ್ಲಿ ನನಗಿದ್ದ ಕೆಲಸ ಕಾಗದದ ಸದ್ದನ್ನು ಅಡಗಿಸುವುದು. ಅಷ್ಟು ಮೆಲುವಾದ ಜಾಗದಲ್ಲಿ ಹಾಳೆ ಪಟ್ಟೆಂದರೆ ಕೊನೆಯ ಬೆಂಚಿಗೂ ಕೇಳುತ್ತದೆ. ಅಭ್ಯಾಸದ ದಿನ ಮೇಷ್ಟ್ರು ಆ ಪುಟದ ಮೂಲೆಯನ್ನು ಬೆರಳಲ್ಲಿ ತಿಕ್ಕಿ ತಿಕ್ಕಿ ಮೆದುವಾಗಿಸಿ ಕೊಟ್ಟಿದ್ದರು.

ಇಡೀ ಕಚೇರಿಯಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮೂರನೆಯ ಭಾಗ. ಅದರ ಹಾಡುಗಳನ್ನು ರಚಿಸಿದ ಸ್ಯಾಮ್ಯುಯೆಲ್ ಕೋಲ್‌ರಿಜ್-ಟೇಲರ್ ನಮ್ಮ ಕ್ರಾಯ್ಡನ್ನಿನವನು. ಹುಟ್ಟಿದ್ದು 1875ರಲ್ಲಿ ಲಂಡನ್ನಿನ ಹೋಬರ್ನ್‌ನಲ್ಲಿ. ತಂದೆ ಸಿಯೆರಾ ಲಿಯೋನ್‌ನಿಂದ ಬಂದು ಇಲ್ಲಿ ಓದಿದ ವೈದ್ಯ, ತಾಯಿ ಇಂಗ್ಲೆಂಡಿನವಳು. ಹುಡುಗ ಬೆಳೆದದ್ದು ಇಲ್ಲಿ, ತಾಯಿಯ ಮನೆಯವರ ಜೊತೆ. 15ನೇ ವಯಸ್ಸಿಗೆ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ಗೆ ಪಿಟೀಲು ಕಲಿಯಲು ಸೇರಿ, ಅಲ್ಲಿ ಸ್ಟ್ಯಾನ್‌ಫರ್ಡ್ ಎಂಬ ರಚನಕಾರರ ಬಳಿ ಸಂಗೀತ ರಚನೆ ಕಲಿತ. 1898ರಲ್ಲಿ ಬರೆದ ಹಿಯಾವತಾ ಗಾಯನಕೃತಿ ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು. ಅದರ ಹಕ್ಕನ್ನು ಅವನು ಆಗಿನ ಇಂಗ್ಲಿಷ್ ಹಣದಲ್ಲಿ 15 ಗಿನಿಗೆ ಪೂರ್ತಿ ಮಾರಿಬಿಟ್ಟಿದ್ದ, ಆಮೇಲೆ ಎಷ್ಟು ಪ್ರತಿ ಖರ್ಚಾದರೂ ಅವನಿಗೆ ಬಿಡಿಗಾಸು ಬರಲಿಲ್ಲ. ಜೀವನ ನಡೆಸಲು ಪಾಠ ಹೇಳುತ್ತಾ, ವಾದ್ಯವೃಂದಗಳನ್ನು ನಡೆಸುತ್ತಾ ಊರೂರು ತಿರುಗಿದ. 1912ರಲ್ಲಿ ವೆಸ್ಟ್ ಕ್ರಾಯ್ಡನ್ ನಿಲ್ದಾಣದಲ್ಲಿ ರೈಲು ಕಾಯುತ್ತಾ ಕುಸಿದುಬಿದ್ದ. ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 1ರಂದು, ನ್ಯುಮೋನಿಯಾದಿಂದ ತೀರಿಕೊಂಡ. ಬರೀ 37 ವರ್ಷ. 1914ರಲ್ಲಿ ಸಂಗೀತಗಾರರ ಪ್ರದರ್ಶನ ಹಕ್ಕುಗಳಿಗಾಗಿ ಸಂಘವೊಂದು ಹುಟ್ಟಿತಲ್ಲ, ಅದರ ಹಿಂದಿನ ಕಾರಣಗಳಲ್ಲಿ ಅವನ ಸಂಸಾರದ ಪಾಡೂ ಒಂದು ಎಂದು ಹೇಳುತ್ತಾರೆ. ನಾನು ದಿನಾ ರೈಲು ಹತ್ತುವ ನಿಲ್ದಾಣ ಅದು. ಬೇರೆ ದೇಶದ ಅಪ್ಪನ ಮಗನಾಗಿ, ಈ ಬೀದಿಗಳಲ್ಲೇ ಬೆಳೆದು, ಈ ನಾಡಿನ ಸಂಗೀತವನ್ನು ತನ್ನದಾಗಿಸಿಕೊಂಡವನ ಹಾಡು ನಮ್ಮ ಚರ್ಚಿನಲ್ಲಿ ಕೇಳಲೇಬೇಕು ಎಂಬ ಆಸೆ ನನಗೆ ಬಹಳ ಇತ್ತು. ಮೇಷ್ಟ್ರಿಗೂ ಅದೇ ಇತ್ತು.

ಅವನು 1904ರಲ್ಲಿ ಕ್ರಿಸ್ಟಿನಾ ರೊಸೆಟ್ಟಿಯ ಕವಿತೆಗಳಿಗೆ ಸಂಗೀತ ಹಾಕಿದ ಆರು ಶೋಕಗೀತೆಗಳನ್ನು ಗಾಯಕಿ ಆರಿಸಿದ್ದಳು. ಹಳೆಯ ಮುದ್ರಣದ ಸ್ಕ್ಯಾನ್‌ಗಳಿಂದ ದಪ್ಪ ಕಾಗದದ ಮೇಲೆ ಮುದ್ರಿಸಿಕೊಂಡು, ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹರಡಿ, ಕಾಗದದ ಟೇಪಿನಿಂದ ಒಂದಕ್ಕೊಂದು ಅಂಟಿಸಿದೆ. ಪ್ಲಾಸ್ಟಿಕ್ ಟೇಪ್ ಆದರೆ ದೀಪದ ಬೆಳಕಿಗೆ ಹೊಳೆದು ಸ್ವರ ಕಾಣುವುದಿಲ್ಲ. ಎಲ್ಲಿ ತಿರುವಿದರೆ ನುಡಿಸುವವರಿಗೆ ಒಂದು ಕೈ ಬಿಡುವಿರುತ್ತದೆ ಎಂದು ನೋಡಿ ನೋಡಿ ಪುಟಗಳನ್ನು ಜೋಡಿಸಿದೆ. ಆ ಸಂಜೆ ಆ ಹಾಡುಗಳು ನನಗೆ ಬಾಯಿಪಾಠವಾದವು.

ಅಮ್ಮ ಆಗ ಊರಿಂದ ಬಂದು ನಮ್ಮಲ್ಲಿದ್ದಳು. ಕಚೇರಿಯ ಬೆಳಿಗ್ಗೆ ನಾನು ಬಳೆ ಬಿಚ್ಚಿಡುತ್ತಿದ್ದುದನ್ನು ನೋಡಿ, “ಬರಿಗೈಲಿ ಹೋಗ್ತೀಯೇನೇ ನಾಲ್ಕು ಜನರ ಮುಂದೆ?” ಎಂದಳು.

“ಬಳೆ ಸದ್ದು ಮಾಡುತ್ತಮ್ಮ. ಅವರ ಕಿವಿ ಪಕ್ಕದಲ್ಲೇ ನನ್ನ ಕೈ ಇರುತ್ತೆ.”

“ಹಾಗಾದ್ರೆ ಸರಿ. ಸಂಗೀತಕ್ಕೆ ತಾನೇ” ಎಂದು ತಾನೇ ಅವನ್ನು ಡಬ್ಬಿಗೆ ಹಾಕಿಟ್ಟಳು. ನಾನು ಕಪ್ಪು ಬಣ್ಣದ, ತೋಳು ಬಿಗಿಯಾದ ಅಂಗಿ ಹಾಕಿಕೊಂಡೆ.

ಹನ್ನೆರಡಕ್ಕೇ ಹೋದೆವು. ಚರ್ಚಿನಲ್ಲಿ ಚಳಿ ಇತ್ತು. ಬಿಸಿಗಾಳಿಯ ಯಂತ್ರ ಬೆಳಿಗ್ಗೆಯಿಂದ ಓಡುತ್ತಿತ್ತು, ಅದರ ಗೊರಗೊರ ಸದ್ದಿನಿಂದಾಗಿ ಕಚೇರಿಗೆ ಮೊದಲು ನಿಲ್ಲಿಸುತ್ತಾರೆ, ಅಷ್ಟರೊಳಗೆ ಕಟ್ಟಡ ಕಾದಿರಬೇಕು. ಮೇಷ್ಟ್ರು ಬೆರಳು ಬೆಚ್ಚಗಾಗಲೆಂದು ಬಿಸಿನೀರಿನ ಬಾಟಲಿ ಹಿಡಿದು ಓಡಾಡುತ್ತಿದ್ದರು. ಪಿಯಾನೋದ ಮುಚ್ಚಳವನ್ನು ಪೂರ್ತಿ ಎತ್ತದೆ ಗಿಡ್ಡ ಕೋಲಿಗೆ ಆನಿಸಿದರು. ಗಾಯಕಿ ನಾಲ್ಕು ಸಾಲು ಹಾಡಿದಾಗ ನಾನು ಹಿಂದಿನ ಬೆಂಚುಗಳ ತನಕ ನಡೆದು ಕೇಳಿದೆ. ಕಲ್ಲಿನ ಕಮಾನುಗಳ ಕೆಳಗೆ ಸ್ವರ ನಿಂತ ಮೇಲೂ ಸ್ವಲ್ಪ ಹೊತ್ತು ತೇಲುತ್ತಿತ್ತು. ಪದಗಳು ಒಂದರೊಳಗೊಂದು ಕಲೆಸುತ್ತಿದ್ದವು. ಅವಳಿಗೆ ಹೇಳಿದೆ. ವ್ಯಂಜನಗಳನ್ನು ಇನ್ನಷ್ಟು ಚೂಪಾಗಿ ಉಚ್ಚರಿಸಿ, ಮೇಷ್ಟ್ರಿಗೆ ಸ್ವರವನ್ನು ಎಳೆದು ಉಳಿಸುವ ಪೆಡಲ್ ಕಡಿಮೆ ಮಾಡಲು ಕೇಳಿಕೊಂಡಳು. ಸಂಗೀತ ಕಾಲೇಜಿನಿಂದ ಆಗಷ್ಟೇ ಹೊರಬಂದ ಹುಡುಗಿ, ಒಂದಿಷ್ಟೂ ಬಿಗುಮಾನವಿಲ್ಲ. ಇಂಥವರಿಗೆ ಜನರ ಮುಂದೆ ಹಾಡಲು ಮೊದಲು ಸಿಗುವ ಜಾಗಗಳಲ್ಲಿ ಈ ಚರ್ಚುಗಳೂ ಸೇರಿವೆ. ಅದಕ್ಕಾಗಿಯಾದರೂ ಆ ತಟ್ಟೆಗೆ ನೋಟು ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಗಂಟೆಯ ಹೊತ್ತಿಗೆ ಜನ ಬಂದರು. ಕುತ್ತಿಗೆಗೆ ಆಫೀಸಿನ ಗುರುತಿನ ಚೀಟಿ ನೇತುಹಾಕಿಕೊಂಡವರು, ಮಾರುಕಟ್ಟೆಯಿಂದ ತರಕಾರಿ ಚೀಲ ಹಿಡಿದು ಬಂದವರು, ಮಗುವಿನ ಗಾಡಿ ತಳ್ಳಿಕೊಂಡು ಬಂದ ತಾಯಿ. ಬಾಗಿಲ ಹತ್ತಿರದ ಬೆಂಚಿನಲ್ಲಿ ಚಳಿಗೆ ಒಳಬಂದು ಮಲಗಿದ್ದವರೊಬ್ಬರನ್ನು ಯಾರೂ ಎಬ್ಬಿಸಲಿಲ್ಲ. ಅಮ್ಮ ಪಕ್ಕದ ಸಾಲಿನಲ್ಲಿ, ಪಿಯಾನೋ ಕೀಲಿಗಳು ಕಾಣುವ ಕಡೆ ಹುಡುಕಿ ಕೂತು, ಬೂಟು ಬಿಚ್ಚಿ ಬೆಂಚಿನ ಕೆಳಗಿಟ್ಟಳು. ಎಲ್ಲರ ಕೈಯಲ್ಲೂ ಹಾಡಿನ ಸಾಹಿತ್ಯದ ಹಾಳೆ, ಜರ್ಮನ್ ಸಾಲಿನ ಎದುರು ಇಂಗ್ಲಿಷ್ ಅರ್ಥ. ಹಾಡು ಪೂರ್ತಿ ಮುಗಿಯುವವರೆಗೆ ಹಾಳೆ ಮಗುಚಬೇಡಿ ಎಂದು ಕೆಳಗೆ ಅಚ್ಚಾಗಿತ್ತು.

ವೇದಿಕೆಗೆ ನಾನು ಎಲ್ಲರಿಗಿಂತ ಕೊನೆಗೆ ಹೋಗಿ ಕೂತೆ. ನಮ್ಮ ಕಚೇರಿಗಳಲ್ಲಿ ಹಿಂದೆ ಕೂತು ತಂಬೂರಿ ಮೀಟುವವರ ಜಾಗದ ಹಾಗೆ ಅದು, ಇದ್ದೂ ಕಾಣಬಾರದು. ಆದರೆ ಅಲ್ಲಿಗೆ ಕೇಳಿಸುವಷ್ಟು ಇನ್ನೆಲ್ಲಿಗೂ ಕೇಳಿಸುವುದಿಲ್ಲ. ಪೆಡಲ್ ಏಳುವಾಗಿನ ಸಣ್ಣ ಸದ್ದು, ಕೀಲಿಗೆ ಉಗುರು ತಾಗುವುದು, ಹಾಡುವ ಮೊದಲು ಅವಳ ಪಕ್ಕೆಲುಬು ಹಿಗ್ಗುವುದು, ಅದೇ ಕ್ಷಣ ಮೇಷ್ಟ್ರ ಮಣಿಕಟ್ಟು ಏಳುವುದು. ಅವಳು ಅವರಿಗೆ ಬೆನ್ನು ಮಾಡಿ ನಿಂತಿದ್ದಾಳೆ, ಅವರನ್ನು ನೋಡುವುದೇ ಇಲ್ಲ. ಅವರೂ ಕಾಗದ ನೋಡುತ್ತಿದ್ದಾರೆ. ಆದರೂ ಇಬ್ಬರೂ ಒಟ್ಟಿಗೆ ಬೀಳುತ್ತಾರೆ, ಪ್ರತಿ ಸಲವೂ.

ರಾಟೆ ನಿಂತಿತು, ಮತ್ತೆ ಸುತ್ತಿತು. ಬೆಳದಿಂಗಳ ಹಾಡಿನ ನಡುವೆ ಹೊರಗೆ ಟ್ರ್ಯಾಮ್ ಗಂಟೆ ಹೊಡೆಯಿತು, ಯಾರೂ ತಲೆ ತಿರುಗಿಸಲಿಲ್ಲ. ಶೋಕಗೀತೆಗಳಿಗೆ ಬಂದಾಗ ಗಾಯಕಿ ಎರಡು ಮಾತು ಹೇಳಿದಳು: ಈ ಹಾಡು ಬರೆದವನು ಈ ಊರಿನವನು, ಇಲ್ಲೇ ಹತ್ತಿರದ ನಿಲ್ದಾಣದಲ್ಲಿ ಕುಸಿದವನು. ಬೆಂಚುಗಳಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ಹಾಡು, ನಾನು ಸತ್ತಾಗ ನನಗಾಗಿ ಶೋಕದ ಹಾಡು ಬೇಡ, ತಲೆಯ ಬಳಿ ಗುಲಾಬಿ ನೆಡಬೇಡ, ಮಳೆ ಇಬ್ಬನಿಗಳಲ್ಲಿ ನೆಂದ ಹಸಿರು ಹುಲ್ಲು ಸಾಕು, ಬೇಕಾದರೆ ನೆನೆ, ಬೇಕಾದರೆ ಮರೆ ಎನ್ನುವುದು. ರೊಸೆಟ್ಟಿ ಅದನ್ನು 1848ರಲ್ಲಿ, ಹದಿನೆಂಟರ ಸುಮಾರಿನಲ್ಲಿ ಬರೆದದ್ದು. ನಾಲ್ಕನೆಯದರಲ್ಲಿ ಒಬ್ಬಳು ಹೊಳೆಯ ದಡದಲ್ಲಿ ಸದಾ ಹಾಡುತ್ತಾಳೆ, ಇನ್ನೊಬ್ಬಳು ಸದಾ ಅಳುತ್ತಾಳೆ. ಇವಳ ಕಣ್ಣೀರು ಕಡಲು ಸೇರುತ್ತದೆ, ಅವಳ ಹಾಡು ಗಾಳಿಯಲ್ಲಿ ಕರಗುತ್ತದೆ. ಅಲ್ಲಿ ಗಾಯಕಿ ಅಭ್ಯಾಸದಲ್ಲಿ ಎಂದೂ ನಿಲ್ಲದ ಕಡೆ ನಿಂತಳು. ಮೇಷ್ಟ್ರ ತಲೆ ಅಲ್ಲಾಡುವ ಮೊದಲೇ ನನ್ನ ಕೈ ಹಾಳೆಯ ಮೂಲೆಯಲ್ಲಿ ತಡೆದಿತ್ತು. ಅವಳು ಉಸಿರೆಳೆದಳು, ಅವರು ತಲೆಯಾಡಿಸಿದರು, ನಾನು ತಿರುವಿದೆ. ಮೂರೂ ಒಂದೇ ಹೊತ್ತಿನಲ್ಲಿ ನಡೆಯಿತು. ನನ್ನ ಬಲಗೈ ಆ ಹೊತ್ತಿಗೆ ತೊಡೆಯ ಮೇಲೆ ಅಲ್ಲಾಡದೆ ಇತ್ತು, ಎಷ್ಟು ಹೊತ್ತಿನಿಂದಲೋ.

ರೋಜರ್ ಕ್ವಿಲ್ಟರ್ ಟೆನಿಸನ್ನನ ಸಾಲುಗಳಿಗೆ ಸಂಗೀತ ಹಾಕಿದ ಒಂದು ಹಾಡಿನೊಂದಿಗೆ ಕಚೇರಿ ಮುಗಿಯಿತು. ಎರಡಕ್ಕೆ ಕೆಲಸಕ್ಕೆ ಹೋಗಬೇಕಾದವರು ಚಪ್ಪಾಳೆ ಹೊಡೆಯುತ್ತಲೇ ಬಾಗಿಲಿಗೆ ಹೊರಟರು. ಹೊರಗಡೆ ಚಹಾ ಇಟ್ಟಿದ್ದ ಮೇಜಿನ ಹತ್ತಿರ ಅಮ್ಮ ನನ್ನ ತೋಳು ಹಿಡಿದು ಮೊದಲು ಕೇಳಿದ್ದು ಇದು: “ಹಾಡು ಮುಗಿದ ಮೇಲೂ ಅವರು ಪಿಯಾನೋ ನುಡಿಸ್ತಾನೇ ಇದ್ರಲ್ಲೇ, ಆ ಬೆಳದಿಂಗಳ ಹಾಡಲ್ಲಿ. ನಮ್ಮಲ್ಲಿ ಪಕ್ಕವಾದ್ಯದವರಿಗೆ ಕೊನೇ ಮಾತು ಯಾರು ಬಿಡ್ತಾರೆ?”

“ಬರೆದವನೇ ಹಾಗೆ ಬರೆದಿದ್ದಾನಮ್ಮ.”

“ಒಳ್ಳೇದು ಮಾಡಿದ್ದಾನೆ. ಅವಳು ಹೇಳೋಕಾಗದೆ ಉಳಿದಿದ್ದನ್ನ ಅವರು ಹೇಳಿದ್ರು. ಆ ರಾಟೆ ಹಾಡಲ್ಲಂತೂ ಮಧ್ಯ ನಿಂತುಬಿಡ್ತಲ್ಲ, ನನಗೆ ಉಸಿರೇ ಕಟ್ಟಿಹೋಯ್ತು ಕಣೆ.” ಆಮೇಲೆ ಗಾಯಕಿಯ ಹತ್ತಿರ ಹೋಗಿ, ತನಗೆ ಬರುವ ಇಂಗ್ಲಿಷಿನಲ್ಲಿ, ಅವಳ ಕೈ ಎರಡನ್ನೂ ಹಿಡಿದುಕೊಂಡು ಚೆನ್ನಾಗಿ ಹಾಡಿದೆಯಮ್ಮ ಎಂದು ಹೇಳಿ ಬಂದಳು.

ನಾನು ಕುರ್ಚಿ ಎತ್ತಿಟ್ಟು, ಅಂಟಿಸಿದ ಹಾಳೆಗಳನ್ನು ಮಡಿಸಿ ಮೇಷ್ಟ್ರಿಗೆ ಕೊಡುತ್ತಿದ್ದಾಗ ಚರ್ಚಿನ ಆರ್ಗನ್ ವಾದಕರು ಬಂದರು. ಮುಂದಿನ ತಿಂಗಳ ಕಚೇರಿ ಅವರದು. ಆರ್ಗನ್‌ಗೆ ಪುಟ ತಿರುವುವುದರ ಜೊತೆಗೆ, ಹೇಳಿದ ಹೊತ್ತಿಗೆ ಎರಡೂ ಪಕ್ಕದ ಗುಬಟೆಗಳನ್ನು ಎಳೆದು ದನಿ ಬದಲಿಸಿಕೊಡಬೇಕು, ಕಲಿಯುತ್ತೀರಾ ಎಂದು ಕೇಳಿದರು. ಗುರುವಾರ ಸಂಜೆ ಬರಲು ಒಪ್ಪಿಕೊಂಡೆ. ಅಮ್ಮ ಊರಿಗೆ ಹೊರಡುವ ದಿನ ಅದಕ್ಕಿಂತ ಆಚೆಗಿದೆಯೇ ಎಂದು ಅಲ್ಲೇ ನಿಂತು ಲೆಕ್ಕ ಹಾಕಿದೆವು. ಇದೆ.